ಗೂಡು ಒಡೆಯದೆ

ಕುಯ್ಯೋದಿಲ್ಲ ಅಂದರು ಡಾಕ್ಟರಮ್ಮ.
ಇವರು ಎದ್ದು ಚಪ್ಪಲಿ ಹುಡುಕಿದರು,
ಕೈಬಿಟ್ಟರು ಅಂದುಕೊಂಡು.

ಕೂತ್ಕೊಳ್ಳಿ ಮಸ್ತಾನ್ ಸಾಬ್ರೇ, ಪೂರ್ತಿ ಕೇಳಿ.
ಬೆಳಕಿನ ಡಬ್ಬಿಗೆ ಚಿತ್ರ ಸಿಕ್ಕಿಸಿ
ಪೆನ್ನಿನ ತುದಿಯಲ್ಲಿ ತೋರಿಸಿದರು:
ಹಳೇ ಕಾಮಾಲೆ ಒಳಗೇ ಕೂತು
ಲಿವರನ್ನು ಗಟ್ಟಿ ಮಾಡಿದೆ,
ಕತ್ತರಿಸಿದರೆ ಉಳಿದದ್ದು ಸಂಸಾರ ತೂಗಲಾರದು.
ಇಲ್ಲೊಂದು ಗಂಟು, ನೇರಳೆ ಹಣ್ಣಿನಷ್ಟು.
ಅಲ್ಲೊಂದು, ದೊಡ್ಡ ನಾಳದ ಮಗ್ಗುಲಿಗೆ.

ಮೊದಲನೆಯದಕ್ಕೆ ಸೂಜಿ.
ಪಕ್ಕೆಲುಬಿನ ಸಂದಿಯಲ್ಲಿ ಇಳಿದು
ತುದಿಯಲ್ಲಷ್ಟೇ ಕಾಯುತ್ತದೆ,
ಗಂಟು ಇದ್ದಲ್ಲೇ ಬೆಂದುಹೋಗುತ್ತದೆ.

ಇವರು ನನ್ನ ಮುಖ ನೋಡಿದರು,
ನಾನು ಇವರ ಮುಖ.
ಇಪ್ಪತ್ತಾರು ವರ್ಷ ಶಿಡ್ಲಘಟ್ಟದಲ್ಲಿ
ನಾವು ಇನ್ನೇನು ಮಾಡಿದ್ದೇವೆ?

ರೇಷ್ಮೆಗೂಡನ್ನು ಒಡೆಯಬಾರದು,
ಒಡೆದ ಗೂಡಿಗೆ ಎಳೆಯಿಲ್ಲ.
ಊಜಿ ಹೊಕ್ಕದ್ದು ನೋಡಿದ್ದೀರಾ?
ನೊಣ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಹಾರಿಹೋಗುತ್ತೆ,
ಹುಳು ಸುಮ್ಮನೆ ಸೊಪ್ಪು ತಿನ್ನುತ್ತೆ, ಗೂಡೂ ಕಟ್ಟುತ್ತೆ,
ಹೊರಗಿನಿಂದ ಬೆಳ್ಳಗೆ, ಗಟ್ಟಿಗೆ, ಒಳ್ಳೇ ಮಾಲು.
ಒಂದು ದಿನ ಒಳಗಿನಿಂದ ತೂತು.
ಅಷ್ಟರೊಳಗೆ ಬಿಸಿ ತಗುಲಬೇಕು.

ಇದನ್ನೆಲ್ಲ ಹೇಳಲಿಲ್ಲ ನಾನು.
ಎಷ್ಟು ಬಿಸಿ? ಅಂದೆ.
ಡಾಕ್ಟರಮ್ಮ ತಲೆಯೆತ್ತಿದರು. ಯಾರೂ ಕೇಳಿರಲಿಲ್ಲವಂತೆ.
ಅರವತ್ತು ದಾಟಿದರೆ ಸಾಕು, ನಾವು ನೂರರ ಹತ್ತಿರ ಇಡ್ತೀವಿ.
ನಮ್ಮ ಬಾಣಲೆಯ ಲೆಕ್ಕವೇ.

ಎರಡನೆಯದಕ್ಕೆ ಬಿಸಿ ನಿಲ್ಲೋದಿಲ್ಲ,
ಪಕ್ಕದ ರಕ್ತ ತಣಿಸಿಬಿಡುತ್ತೆ,
ಹರಿಯೋ ಕಾಲುವೆಯೊಳಗೆ ಒಲೆ ಹೂಡಿದ ಹಾಗೆ.
ಅದಕ್ಕೆ ಮಣಿಕಟ್ಟಿನಿಂದ ಒಂದು ಕೊಳವೆ, ನೂಲಿನಷ್ಟು ಸಣ್ಣದು,
ತೋಳು, ಎದೆ, ಹೊಟ್ಟೆ ಹಾದು
ಗಂಟಿಗೆ ಅನ್ನ ಹಾಕುವ ಒಂದೇ ನಾಳ ಹುಡುಕಿ
ಔಷಧಿ ಬಿಟ್ಟು, ಹಿಂದೆಯೇ ಬಾಗಿಲು ಮುಚ್ಚೋದು.

ನೂಲು ಅಂದರಲ್ಲ,
ಆ ರೂಮಿನಲ್ಲೂ ನಗು ಬಂತು ನನಗೆ.
ಎಂಟು ಗೂಡಿನ ಎಳೆ ಸೇರಿದರೆ
ನಮ್ಮಲ್ಲಿ ಒಂದು ನೂಲು, ತಾಯಿ.
ಕುದಿನೀರಲ್ಲಿ ತುದಿ ಹುಡುಕಿ ಹುಡುಕಿ
ನನ್ನ ಬೆರಳಲ್ಲಿ ಗೆರೆಯೇ ಉಳಿದಿಲ್ಲ.
ಕೌಂಟರಿನ ಮೆಷಿನ್ನು ನಾಲ್ಕು ಸಲ ಹೆಬ್ಬೆಟ್ಟು ಒತ್ತಿಸಿಕೊಂಡು
ನಾನು ಯಾರೂ ಅಲ್ಲ ಅಂದಿತ್ತು ಬೆಳಿಗ್ಗೆ.

ಕೊಳವೆ ಹಾಕಿದ ದಿನ
ಹುಡುಗನೊಬ್ಬ ಕಂಪ್ಯೂಟರಿನಲ್ಲಿ ತೋರಿಸಿದ:
ಸೊಪ್ಪು ಕಿತ್ತ ಹಿಪ್ಪುನೇರಳೆ ಗಿಡದಂತೆ
ಕಪ್ಪಗೆ ಕವಲೊಡೆದ ನಾಳಗಳು.
ಮುಂದಿನ ಚಿತ್ರದಲ್ಲಿ ಒಂದು ರೆಂಬೆ ಇಲ್ಲ.
ಅದೇನಾ? ಅಂದೆ. ಅದೇ ಅಂದ.

ಮೂರು ದಿನ ಜ್ವರ. ಸೂಜಿ ಚುಚ್ಚಿದ್ದು ಪಕ್ಕೆಗೆ,
ನೋವು ಯಾಕೋ ಬಲಭುಜಕ್ಕೆ.
ಎದುರುಮನೆ ಇಮಾಮ್‌ ಬೀ ಹೊಲಿಗೆ ನೋಡಲು ಬಂದು
ಸೊಳ್ಳೆ ಕಚ್ಚಿದಂಥ ಎರಡು ಗುರುತು ಕಂಡು
ಇಷ್ಟಕ್ಕೇನಾ ಕೋಲಾರಕ್ಕೆ ಹೋಗಿದ್ದು ಅಂದಳು,
ತಂದ ಮೂಸಂಬಿಯಲ್ಲಿ ತಾನೇ ಒಂದು ಸುಲಿದು ತಿಂದಳು.

ಮೂರು ತಿಂಗಳಿಗೊಮ್ಮೆ ಬರಬೇಕಂತೆ.
ಇವೆರಡು ಸತ್ತಿವೆ, ಆದರೆ ಲಿವರು ಅದೇ ಅಲ್ಲವಾ,
ಇನ್ನೊಂದು ಹುಟ್ಟಬಹುದು, ಅಂದರು ಡಾಕ್ಟರಮ್ಮ.
ಊಜಿ ಕಂಡ ಮನೆಗೆ ಬಲೆ ಕಟ್ಟಿದರೂ
ಕಣ್ಣು ಮುಚ್ಚೋದುಂಟೇ.

ಮಾರ್ಕೆಟ್ಟಿನಲ್ಲಿ ಮಾಲು ಕೊಳ್ಳುವ ಮೊದಲು
ಗೂಡೊಂದನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತೇವೆ.
ನಿನ್ನೆ ರಾತ್ರಿ ಇವರ ಬಲಪಕ್ಕೆಗೆ ಕಿವಿಯಿಟ್ಟೆ.

ಏನು ಮಾಡ್ತಿದ್ದೀಯೆ?
ಮಾಲು ನೋಡ್ತಿದ್ದೀನಿ.
ರೇಟು ಎಷ್ಟು ಹೇಳ್ತೀಯ?
ಸುಮ್ನೆ ಮಲಗಿ,
ಬೆಳಿಗ್ಗೆ ಹರಾಜಿದೆ.